ಕಾಗುಣಿತವನ್ನು ಕಳೆಯುವ ಕ್ರಮವಿಧಿ: ವೆಬ್ ಫ್ರೇಮ್‌ವರ್ಕಿನಲ್ಲಿ ದೋಷಶೋಧನೆ ಮತ್ತು ಕೋಡಿನ ಪರಿಷ್ಕರಣ

1. ಪ್ರಸ್ತಾವನೆ

ಗಣಕಯಂತ್ರದ ಕ್ರಮವಿಧಿಗಳಲ್ಲಿ ದೋಷಗಳು ತಲೆದೋರುವುದೂ ಅವುಗಳನ್ನು ತಿದ್ದುವುದೂ ನಿತ್ಯದ ಸಂಗತಿಗಳಾಗಿವೆ. ಇಂತಹ ದೋಷಕ್ಕೆ ‘ಬಗ್’, ಎಂದರೆ ಹುಳು, ಎಂದು ಹೆಸರು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಯಂತ್ರದೊಳಗೆ ಪತಂಗವೊಂದು ಸಿಕ್ಕಿತು. ಕೆಲಸಗಾರರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿಟ್ಟರು. ಆದರೆ ಯಂತ್ರದೋಷವನ್ನು ಹುಳುವೆಂದು ಕರೆಯುವ ವಾಡಿಕೆ ಅದಕ್ಕೂ ಹಿಂದಿನದು. ಎಡಿಸನ್ನನು 1878ರಷ್ಟು ಹಿಂದೆಯೇ ಈ ಮಾತನ್ನು ಬಳಸಿದ್ದನು. ಹೆಸರಿನ ಇತಿಹಾಸವು ಏನೇ ಇರಲಿ, ಹುಳುವನ್ನು ಕಂಡುಹಿಡಿಯುವುದು ಒಂದು ಶಾಸ್ತ್ರವೆಂಬುದನ್ನೂ, ಅದು ಸೇರಿಕೊಳ್ಳಲು ಎಡೆಗೊಟ್ಟ ಕೋಡನ್ನು ಹಸನುಗೊಳಿಸುವುದು ಅದರ ಇನ್ನೊಂದು ಅಂಗವೆಂಬುದನ್ನೂ ನಮ್ಮ ಕಾಲೇಜುಗಳ ಪಾಠಗಳಲ್ಲಿ ಸಾಕಷ್ಟು ಒತ್ತಿ ಹೇಳುತ್ತಿಲ್ಲವೆಂದು ನಮಗೆ ತೋರುತ್ತದೆ.

ಈ ವಿಷಯವನ್ನು ಸಾಮಾನ್ಯ ಸೂತ್ರಗಳ ರೂಪದಲ್ಲಿ ಹೇಳಹೊರಟರೆ ಅದು ಒಣ ಉಪದೇಶವಾದೀತು. ಆದುದರಿಂದ ಒಂದೇ ಒಂದು ದೋಷವನ್ನು ಆರಿಸಿಕೊಂಡು, ಅದರ ಲಕ್ಷಣ, ಕಾರಣ, ಹುಸಿ ಪರಿಹಾರಗಳು ಮತ್ತು ನಿಜವಾದ ಪರಿಹಾರ, ಇವನ್ನು ಅನುಕ್ರಮವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ನಾವು ಆರಿಸಿದ ದೋಷವು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ಬೆಳಗಾವಿ ಜಿಲ್ಲೆಯ ಉತ್ತರಕ್ಕಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಹೆಸರುಗಳನ್ನು ಜಗತ್ತಿನ ಒಂದು ಸುಪ್ರಸಿದ್ಧ ಫ್ರೇಮ್‌ವರ್ಕಿಗೆ ಒಪ್ಪಿಸಿ, ಇವುಗಳಿಂದ ಜಾಲಪುಟಗಳ ವಿಳಾಸವನ್ನು ರಚಿಸೆಂದು ಹೇಳಿದರೆ, ಅದು ಕ್ರಮವಾಗಿ ಚಕಕಡ, ನಪಪಣ, ರಯಬಗ, ಅಥಣ, ಕಗವಡ ಎಂದು ಮರಳಿ ಕೊಡುತ್ತದೆ. ಕಾಗುಣಿತವೆಲ್ಲ ಕಳೆದುಹೋಗಿ, ಒತ್ತಕ್ಷರಗಳು ಬಿಡಿಯಾಗಿ, ಊರುಗಳ ಹೆಸರು ಎಲುಬಿನ ಹಂದರವಾಗಿ ಉಳಿಯುತ್ತದೆ. ಹೀಗೇಕಾಗುತ್ತದೆ?

2. ಫ್ರೇಮ್‌ವರ್ಕ್ ಎಂದರೇನು?

ಪರೀಕ್ಷೆಯ ಫಲಿತಾಂಶ ತೋರಿಸುವ ತಾಣ, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಮಾರುಕಟ್ಟೆಯ ಧಾರಣೆಯ ಪುಟ, ಇವೆಲ್ಲವುಗಳಲ್ಲಿಯೂ ಕೆಲವು ಕೆಲಸಗಳು ಸಮಾನವಾಗಿರುತ್ತವೆ. ಓದುಗನ ಬ್ರೌಸರು ಕಳಿಸಿದ ವಿಳಾಸವನ್ನು ಗುರುತಿಸುವುದು, ದತ್ತಾಂಶದ ಭಂಡಾರದಿಂದ ಬೇಕಾದುದನ್ನು ತೆಗೆಯುವುದು, ಅದನ್ನು ಪುಟವಾಗಿ ಜೋಡಿಸುವುದು, ಓದುಗನು ತುಂಬಿ ಕಳಿಸಿದ ಅರ್ಜಿಯನ್ನು ಪರಿಶೀಲಿಸುವುದು ಇತ್ಯಾದಿ. ಪ್ರತಿಯೊಬ್ಬರೂ ಇವನ್ನು ಮೊದಲಿನಿಂದ ಬರೆಯುವ ಶ್ರಮವನ್ನು ತಪ್ಪಿಸಲು, ಇಂತಹ ಸಾಮಾನ್ಯ ಭಾಗಗಳನ್ನು ಒಮ್ಮೆ ಬರೆದು ಒಂದು ಚೌಕಟ್ಟಿನಲ್ಲಿ ಕೂಡಿಸಿಟ್ಟಿರುತ್ತಾರೆ. ಇದಕ್ಕೇ ವೆಬ್ ಫ್ರೇಮ್‌ವರ್ಕ್ ಎಂದು ಹೆಸರು.

ನಾವು ಇಲ್ಲಿ ಪರಿಶೀಲಿಸುವ ಫ್ರೇಮ್‌ವರ್ಕು ಪೈಥಾನ್ ಭಾಷೆಯಲ್ಲಿ ರಚಿತವಾದ ‘ಜಾಂಗೋ’. ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬವರು ಇದನ್ನು ಕಟ್ಟತೊಡಗಿದರು. 2005ರ ಜುಲೈಯಲ್ಲಿ ಅದು ಸಾರ್ವಜನಿಕರ ಮುಕ್ತ ಬಳಕೆಗೆ ಬಿಡುಗಡೆಯಾಯಿತು. ಅದರ ಮೂಲ ಕೋಡನ್ನು ಯಾರಾದರೂ ಓದಬಹುದು, ಬದಲಿಸಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಅದರ ಸಂದೇಶಗಳ ಕನ್ನಡ ಅನುವಾದವೂ ಅದರೊಡನೆಯೇ ಬರುತ್ತದೆ. ಕನ್ನಡದಲ್ಲಿ ಮಾತನಾಡಬಲ್ಲ ಚೌಕಟ್ಟೇ ಕನ್ನಡದ ಕಾಗುಣಿತವನ್ನು ಅಳಿಸುತ್ತದೆ ಎಂಬುದು ವಿಚಾರಾರ್ಹವಾದ ಸಂಗತಿ. ಅನುವಾದವು ಬೇರೆ, ಲಿಪಿಯ ಸ್ವರೂಪವನ್ನು ಅರಿಯುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪತ್ರಿಕಾ ಕಚೇರಿಯಲ್ಲಿ ಹುಟ್ಟಿದುದರಿಂದ ಜಾಂಗೋವಿನಲ್ಲಿ ಪತ್ರಿಕೆಯವರ ಕೆಲವು ಪದಗಳು ಉಳಿದಿವೆ. ಅವುಗಳಲ್ಲಿ ‘ಸ್ಲಗ್’ ಎಂಬುದೊಂದು. ಸುದ್ದಿಯೊಂದನ್ನು ಗುರುತಿಸಲು ಪತ್ರಿಕೆಯವರು ಕೊಡುತ್ತಿದ್ದ ಚಿಕ್ಕ ಹೆಸರೇ ಸ್ಲಗ್. ವೆಬ್ಬಿನಲ್ಲಿ ಅದು ಪುಟದ ವಿಳಾಸದ ಕೊನೆಯ ಭಾಗವಾಗುತ್ತದೆ. ‘ಉಗಾರ ಖುರ್ದ’ ಎಂಬ ಶೀರ್ಷಿಕೆಯಿದ್ದರೆ, ನಡುವಿನ ತೆರವಿಗೆ ಬದಲಾಗಿ ಅಡ್ಡಗೆರೆಯನ್ನಿಟ್ಟು ‘ಉಗಾರ-ಖುರ್ದ’ ಎಂಬ ಸ್ಲಗ್ಗನ್ನು ಮಾಡಬೇಕು. ಕಂಸ, ಪ್ರಶ್ನಾರ್ಥಕ ಚಿಹ್ನೆ ಮೊದಲಾದವುಗಳನ್ನು ತೆಗೆದುಹಾಕಬೇಕು. ಇಷ್ಟೇ ಈ ಕ್ರಮವಿಧಿಯ ಕರ್ತವ್ಯ. ಕೋಡು ನಾಲ್ಕಾರು ಸಾಲುಗಳಿಗಿಂತ ಹೆಚ್ಚಿಲ್ಲ.

3. ದೋಷದ ಲಕ್ಷಣಗಳು

ಈ ನಾಲ್ಕಾರು ಸಾಲುಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ಯಾವ ಸೂಚನೆಯನ್ನೂ ಕೊಡದಿದ್ದರೆ, ಇಂಗ್ಲಿಷಿಗೆಂದು ರೂಪಿತವಾದ 128 ಸಂಕೇತಗಳ ಆಸ್ಕಿ ಪಟ್ಟಿಯಲ್ಲಿ ಇಲ್ಲದ ಅಕ್ಷರಗಳನ್ನೆಲ್ಲ ಅವು ಬಿಟ್ಟುಬಿಡುತ್ತವೆ. ಆಗ ಚಿಕ್ಕೋಡಿಯೂ ಅಥಣಿಯೂ ಬರಿಯ ಶೂನ್ಯವಾಗುತ್ತವೆ. ವಿಳಾಸದಲ್ಲಿ ಏನೂ ಉಳಿಯುವುದಿಲ್ಲ. 2015ರ ಡಿಸೆಂಬರಿನಲ್ಲಿ ಹೊರಬಂದ ಜಾಂಗೋ 1.9ನೆಯ ಆವೃತ್ತಿಯಲ್ಲಿ, ಇತರ ಲಿಪಿಗಳನ್ನೂ ಉಳಿಸಿಕೊಳ್ಳಬೇಕೆಂದು ಸೂಚಿಸುವ ಅವಕಾಶವನ್ನು ಕಲ್ಪಿಸಲಾಯಿತು. ಗ್ರೀಕ್, ರಷ್ಯನ್, ಚೀನೀ ಭಾಷೆಗಳವರಿಗೆ ಇದರಿಂದ ಅನುಕೂಲವಾಯಿತು. ಕನ್ನಡಿಗರಿಗೆ ಮಾತ್ರ ಶೂನ್ಯದ ಬದಲು ‘ಚಕಕಡ’ ದೊರೆಯಿತು.

ಶೂನ್ಯವನ್ನು ಕಂಡವನು ಕೂಡಲೇ ದೋಷವನ್ನು ಅರಿತುಕೊಳ್ಳುತ್ತಾನೆ. ಪುಟವು ತೆರೆಯುವುದೇ ಇಲ್ಲ. ಆದರೆ ‘ಚಕಕಡ’ವು ಹೆಚ್ಚು ಅಪಾಯಕಾರಿ. ಪುಟವು ತೆರೆಯುತ್ತದೆ, ಎಲ್ಲವೂ ನೆಟ್ಟಗಿರುವಂತೆ ಕಾಣುತ್ತದೆ. ವಿಳಾಸವನ್ನು ಯಾರು ಗಮನವಿಟ್ಟು ಓದುತ್ತಾರೆ? ಕೆಡುಕು ಎಲ್ಲಿದೆಯೆಂಬುದನ್ನು ನೋಡಲು ಮಾರುಕಟ್ಟೆಯ ತಾಣವೊಂದನ್ನು ಭಾವಿಸಿಕೊಳ್ಳೋಣ. ಅದರಲ್ಲಿ ಬೆಳೆ, ಬೇಳೆ, ಬಾಳೆ, ಬಳೆ ಎಂಬ ನಾಲ್ಕು ಶೀರ್ಷಿಕೆಗಳಿವೆಯೆನ್ನೋಣ. ಸ್ವರಚಿಹ್ನೆಗಳು ಹೋದ ಮೇಲೆ ಈ ನಾಲ್ಕಕ್ಕೂ ‘ಬಳ’ ಎಂಬ ಒಂದೇ ವಿಳಾಸ. ಈ ಸೀಮೆಯ ಮೋಳೆ ಎಂಬ ಗ್ರಾಮಕ್ಕೂ, ಆಕಾಶದಿಂದ ಬೀಳುವ ಮಳೆಗೂ, ಗೋಡೆಗೆ ಹೊಡೆಯುವ ಮೊಳೆಗೂ ‘ಮಳ’ ಎಂಬುದೇ ವಿಳಾಸ.

ಇದನ್ನು ನಗೆಯ ಮಾತೆಂದು ಬಿಡುವಂತಿಲ್ಲ. ಕಾಲೇಜೊಂದು ತನ್ನ ವಿದ್ಯಾರ್ಥಿಗಳ ಫಲಿತಾಂಶದ ಪುಟಗಳನ್ನು ಅವರವರ ಹೆಸರಿನ ವಿಳಾಸದಲ್ಲಿ ಇಡುತ್ತದೆಂದು ಊಹಿಸಿರಿ. ಸುಮಾ, ಸೀಮಾ, ಸೋಮ ಎಂಬ ಮೂವರಿಗೂ ‘ಸಮ’ ಎಂಬುದೇ ವಿಳಾಸವಾಗುತ್ತದೆ. ಭಂಡಾರದಲ್ಲಿ ಮೊದಲು ಸಿಕ್ಕಿದವರ ಪುಟವನ್ನು ತೋರಿಸುವಂತೆ ಕೋಡನ್ನು ಬರೆದಿದ್ದರೆ, ಸೀಮಾ ಎಂಬ ಹುಡುಗಿಗೆ ಸುಮಾಳ ಅಂಕಗಳು ಕಾಣಿಸುತ್ತವೆ. ಯಂತ್ರವು ಯಾವ ತಪ್ಪನ್ನೂ ವರದಿ ಮಾಡುವುದಿಲ್ಲ. ತನ್ನದಲ್ಲದ ಅಂಕಗಳನ್ನು ತನ್ನವೆಂದು ನಂಬಿ ಆ ಹುಡುಗಿಯು ಮುಂದಿನ ವ್ಯಾಸಂಗವನ್ನೇ ಕೈಬಿಟ್ಟರೆ, ಅದರ ಹೊಣೆ ಯಾರದು? ಒಂದು ಸ್ವರಚಿಹ್ನೆಯ ಬೆಲೆ ಏನೆಂಬುದು ಇಲ್ಲಿ ತಿಳಿಯುತ್ತದೆ.

4. ಮೂಲ ಕಾರಣದ ಶೋಧನೆ

ಲಕ್ಷಣದಿಂದ ಕಾರಣಕ್ಕೆ ಹೋಗುವುದು ದೋಷಶೋಧನೆಯ ಮುಖ್ಯ ಹೆಜ್ಜೆ. ಇದಕ್ಕೆ ಕನ್ನಡ ಪದವು ಯಂತ್ರದೊಳಗೆ ಹೇಗೆ ನೆಲಸಿರುತ್ತದೆ ಎಂಬುದನ್ನು ತಿಳಿಯಬೇಕು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯಾಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಒಂದು ವಿಭಾಗವು ಮೀಸಲಾಗಿದೆ. ಈ ಪದ್ಧತಿಯಲ್ಲಿ ನಾವು ಒಂದೇ ಅಕ್ಷರವೆಂದು ಎಣಿಸುವುದು ಅನೇಕ ಸಂಕೇತಗಳ ಸಮುದಾಯವಾಗಿರಬಹುದು. ಚಿಕ್ಕೋಡಿ ಎಂಬುದು ನಮ್ಮ ಕಣ್ಣಿಗೆ ಚಿ, ಕ್ಕೋ, ಡಿ ಎಂಬ ಮೂರು ಅಕ್ಷರಗಳು. ಯಂತ್ರಕ್ಕೆ ಅದು ಚ, ಇಕಾರದ ಚಿಹ್ನೆ, ಕ, ಹಲಂತದ ಚಿಹ್ನೆ, ಕ, ಓಕಾರದ ಚಿಹ್ನೆ, ಡ, ಇಕಾರದ ಚಿಹ್ನೆ, ಹೀಗೆ ಎಂಟು ಸಂಕೇತಗಳು.

ಯೂನಿಕೋಡಿನಲ್ಲಿ ಪ್ರತಿಯೊಂದು ಸಂಕೇತಕ್ಕೂ ಒಂದು ವರ್ಗವನ್ನು ನಿರ್ದೇಶಿಸಲಾಗಿದೆ. ಕ, ಚ, ಅ ಮುಂತಾದವು ‘ಅಕ್ಷರ’ ವರ್ಗಕ್ಕೆ ಸೇರಿವೆ. ಅಂಕಿಗಳು ‘ಸಂಖ್ಯೆ’ಯ ವರ್ಗಕ್ಕೆ. ಸ್ವರಚಿಹ್ನೆಗಳು, ಹಲಂತ, ಅನುಸ್ವಾರ ಮತ್ತು ವಿಸರ್ಗಗಳು ಇವೆರಡಕ್ಕೂ ಸೇರದೆ, ‘ಚಿಹ್ನೆ’ ಎಂಬ ಮೂರನೆಯ ವರ್ಗದಲ್ಲಿವೆ. ಏಕೆಂದರೆ ಅವು ಸ್ವತಂತ್ರವಾಗಿ ನಿಲ್ಲದೆ ಹಿಂದಿನ ಅಕ್ಷರವನ್ನು ಆಶ್ರಯಿಸಿ ನಿಲ್ಲುತ್ತವೆ. ಈ ವರ್ಗೀಕರಣವು ನಮ್ಮ ವೈಯಾಕರಣರಿಗೂ ಅಪರಿಚಿತವಲ್ಲ. ಅನುಸ್ವಾರ ವಿಸರ್ಗಗಳನ್ನು ಅವರು ಯೋಗವಾಹಗಳೆಂದು ಬೇರೆಯಾಗಿಯೇ ಎಣಿಸಿದರು. ಆದರೆ ಬೇರೆಯಾಗಿ ಎಣಿಸಿದುದು ಬಿಟ್ಟುಬಿಡುವುದಕ್ಕಲ್ಲ.

ಪೈಥಾನ್ ಭಾಷೆಯಲ್ಲಿ ಪಠ್ಯದ ವಿನ್ಯಾಸಗಳನ್ನು ಹುಡುಕುವ ಒಂದು ಉಪಕರಣವಿದೆ. ಅದರಲ್ಲಿ ‘ಪದದಲ್ಲಿ ಬರಬಹುದಾದ ಅಕ್ಷರ’ ಎಂಬುದಕ್ಕೆ ಒಂದು ಹ್ರಸ್ವ ಸಂಕೇತವನ್ನು ಇಟ್ಟಿದ್ದಾರೆ. ಅಕ್ಷರ, ಅಂಕಿ ಮತ್ತು ಅಡಿಗೆರೆ, ಇವಿಷ್ಟೇ ಆ ಸಂಕೇತದ ವ್ಯಾಪ್ತಿ. ಚಿಹ್ನೆಗಳ ವರ್ಗವು ಅದರಲ್ಲಿ ಸೇರಿಲ್ಲ. ಯೂನಿಕೋಡ್ ಸಂಸ್ಥೆಯ 18ನೆಯ ತಾಂತ್ರಿಕ ಮಾನಕವು ಚಿಹ್ನೆಗಳನ್ನೂ ಸೇರಿಸಿಕೊಳ್ಳಬೇಕೆಂದು ಹೇಳುತ್ತದೆ. ಪರ್ಲ್ ಮೊದಲಾದ ಭಾಷೆಗಳು ಸೇರಿಸಿಕೊಂಡೂ ಇವೆ. ಜಾಂಗೋವಿನ ಕ್ರಮವಿಧಿಯು ಪೈಥಾನಿನ ವ್ಯಾಖ್ಯೆಯನ್ನು ನಂಬಿ, ‘ಪದದ ಅಕ್ಷರವಲ್ಲದುದನ್ನೆಲ್ಲ ತೆಗೆ’ ಎಂದು ಆಜ್ಞಾಪಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆಯೊಡನೆ ನಮ್ಮ ಇಕಾರ, ಓಕಾರಗಳೂ ಹೊರಬೀಳುತ್ತವೆ.

ಆದುದರಿಂದ ದೋಷವು ಸ್ಲಗ್ಗಿನ ಕ್ರಮವಿಧಿಯಲ್ಲಿ ಪ್ರಕಟವಾದರೂ ಅದರ ಬೇರು ‘ಅಕ್ಷರವೆಂದರೆ ಏನು?’ ಎಂಬ ಪ್ರಶ್ನೆಗೆ ಕೊಟ್ಟ ಅಪೂರ್ಣವಾದ ಉತ್ತರದಲ್ಲಿದೆ. ಇದನ್ನು ಬರೆದವರಲ್ಲಿ ಅಸಡ್ಡೆಯಾಗಲಿ ದುರುದ್ದೇಶವಾಗಲಿ ಇತ್ತೆಂದು ಭಾವಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಸ್ವರಗಳೂ ವ್ಯಂಜನಗಳೂ ಸಾಲಾಗಿ ನಿಲ್ಲುತ್ತವೆ. ಒಂದನ್ನೊಂದು ಆಶ್ರಯಿಸುವ ಚಿಹ್ನೆಗಳ ಕಲ್ಪನೆಯು ಆ ಭಾಷೆಯವರಿಗೆ ಸಹಜವಾಗಿ ಹೊಳೆಯುವಂತಹುದಲ್ಲ.

5. ತೋರಿಕೆಯ ಪರಿಹಾರಗಳು

ಬೇರನ್ನು ಕಾಣದವನು ಎಲೆಯನ್ನು ಕತ್ತರಿಸುತ್ತಾನೆ. ಈ ದೋಷಕ್ಕೆ ಸಾಮಾನ್ಯವಾಗಿ ಮಾಡುವ ಎರಡು ತಾತ್ಕಾಲಿಕ ಉಪಾಯಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು, ವಿಳಾಸಗಳು ಒಂದೇ ಆದಾಗ ಕೊನೆಯಲ್ಲಿ ಅಂಕಿಯನ್ನು ಸೇರಿಸುವುದು: ಬಳ, ಬಳ-2, ಬಳ-3, ಬಳ-4. ಇದರಿಂದ ಘರ್ಷಣೆಯೇನೋ ತಪ್ಪುತ್ತದೆ. ಆದರೆ ಯಾವ ಅಂಕಿಯು ಬೆಳೆಗೆ, ಯಾವುದು ಬೇಳೆಗೆ ಎಂಬುದು ಪುಟಗಳನ್ನು ಬರೆದ ಅನುಕ್ರಮದ ಮೇಲೆ ಮಾತ್ರ ನಿಂತಿರುತ್ತದೆ. ದೋಷವು ಹೋಗಲಿಲ್ಲ, ಮರೆಯಾಯಿತು ಅಷ್ಟೆ. ಮರೆಯಾದ ದೋಷವು ಕಾಣುವ ದೋಷಕ್ಕಿಂತ ಕೆಟ್ಟದ್ದು.

ಎರಡನೆಯದು, ಹೆಸರನ್ನು ರೋಮನ್ ಲಿಪಿಗೆ ಮಾರ್ಪಡಿಸಿ ವಿಳಾಸವನ್ನು ಮಾಡುವುದು. ಇದು ಬಹಳ ಬಳಕೆಯಲ್ಲಿದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ವಿಳಾಸವು ಜಾಲದಲ್ಲಿ ಸಂಚರಿಸುವಾಗ ಪ್ರತಿಯೊಂದು ಕನ್ನಡ ಸಂಕೇತವು ಮೂರು ಬೈಟುಗಳಾಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗಿ ವಿಸ್ತರಿಸುತ್ತದೆ. ಚಿಕ್ಕೋಡಿಯ ಎಂಟು ಸಂಕೇತಗಳು 24 ಬೈಟುಗಳಾಗಿ, ಕಡೆಗೆ 72 ಅಕ್ಷರಗಳಾಗುತ್ತವೆ. ಬ್ರೌಸರು ಅದನ್ನು ಮತ್ತೆ ಕನ್ನಡದಲ್ಲಿ ತೋರಿಸಬಲ್ಲುದಾದರೂ, ನಕಲು ಮಾಡಿ ಬೇರೆಡೆಗೆ ಅಂಟಿಸಿದಾಗ ಉದ್ದವಾದ ಸಾಲು ಕಾಣಿಸಿಕೊಳ್ಳುವುದುಂಟು. ರೋಮನ್ ಲಿಪಿಯಲ್ಲಿ ಈ ತೊಡಕಿಲ್ಲ.

ಆದರೆ ಅದರಲ್ಲಿ ಬೇರೊಂದು ತೊಡಕಿದೆ, ಮತ್ತು ಅದನ್ನು ತೋರಿಸಲು ಈ ಐದು ತಾಲೂಕುಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಚಿಕ್ಕೋಡಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಕಕಾರವನ್ನು ಒಂದೇ ಸಲ, ಕೆಲವರು ಎರಡು ಸಲ ಬರೆಯುತ್ತಾರೆ. ನಿಪ್ಪಾಣಿಯ ಪಕಾರದ ಗತಿಯೂ ಅದೇ. ರಾಯಬಾಗದ ಯಕಾರಕ್ಕೆ ಒಬ್ಬರು ಒಂದು ಸ್ವರವನ್ನೂ ಮತ್ತೊಬ್ಬರು ವ್ಯಂಜನವನ್ನೂ ಇಡುತ್ತಾರೆ. ಕಾಗವಾಡದ ಗಕಾರದ ಮುಂದೆ ಅಕಾರವನ್ನು ಬರೆಯುವವರೂ ಬಿಡುವವರೂ ಇದ್ದಾರೆ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ರೋಮನ್ನಿನಲ್ಲಿ ಎರಡಾಗುತ್ತದೆ. ಅದಕ್ಕೆ ಪ್ರತಿಯಾಗಿ, ನಕಾರ ಣಕಾರಗಳು, ಲಕಾರ ಳಕಾರಗಳು, ದಕಾರ ಡಕಾರಗಳು ಕನ್ನಡದಲ್ಲಿ ಬೇರೆಯಾಗಿದ್ದು ರೋಮನ್ನಿನಲ್ಲಿ ಸಾಮಾನ್ಯವಾಗಿ ಒಂದಾಗುತ್ತವೆ. ಹೀಗೆ ಒಂದು ದೋಷವನ್ನು ಕಳೆಯಹೋಗಿ ಎರಡನ್ನು ತಂದುಕೊಂಡಂತಾಗುತ್ತದೆ.

6. ತಿದ್ದುಪಡಿಯ ಕ್ರಮ

ನಿಜವಾದ ತಿದ್ದುಪಡಿಯು ಕೋಡನ್ನು ಮುಟ್ಟುವುದರಿಂದ ಆರಂಭವಾಗುವುದಿಲ್ಲ. ಪರೀಕ್ಷೆಯನ್ನು ಬರೆಯುವುದರಿಂದ ಆರಂಭವಾಗುತ್ತದೆ. ಪರೀಕ್ಷೆಯೆಂದರೆ, ಇಂತಹ ಪದವನ್ನು ಕೊಟ್ಟರೆ ಇಂತಹ ಫಲ ಬರಬೇಕು ಎಂದು ಯಂತ್ರವೇ ತಾಳೆನೋಡುವಂತೆ ಬರೆದ ಚಿಕ್ಕ ಕ್ರಮವಿಧಿ. ನಮ್ಮ ದೋಷಕ್ಕೆ ಈ ಕೆಳಗಿನವು ಸಾಕಾಗುತ್ತವೆ.

ಒಂದನೆಯದಾಗಿ, ಐದು ತಾಲೂಕುಗಳ ಹೆಸರುಗಳು ಯಾವ ವ್ಯತ್ಯಾಸವೂ ಇಲ್ಲದೆ ಮರಳಿ ಬರಬೇಕು. ಎರಡನೆಯದಾಗಿ, ‘ಉಗಾರ ಖುರ್ದ’ ಎಂಬುದು ‘ಉಗಾರ-ಖುರ್ದ’ ಎಂದಾಗಬೇಕು. ಕಂಸಗಳೂ ಬಿಂದುಗಳೂ ಮೊದಲಿನಂತೆ ಹೊರಹೋಗಬೇಕು. ಮೂರನೆಯದಾಗಿ, ಸುಮಾ, ಸೀಮಾ, ಸೋಮ ಎಂಬವು ಮೂರು ಬೇರೆ ಬೇರೆ ಫಲಗಳನ್ನು ಕೊಡಬೇಕು. ನಾಲ್ಕನೆಯದಾಗಿ, ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ, ಊಕಾರ ಮತ್ತು ದೀರ್ಘಚಿಹ್ನೆಗಳೆಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಲು ಸಾಧ್ಯವಿದೆ. ಕಣ್ಣಿಗೆ ಎರಡೂ ಒಂದೇ. ಎರಡು ಬಗೆಯಲ್ಲಿ ಬರೆದ ಚಿಕ್ಕೋಡಿಗೂ ಒಂದೇ ವಿಳಾಸ ದೊರೆಯಬೇಕು. ಈ ಏಕರೂಪತೆಯನ್ನು ತರುವ ಹೆಜ್ಜೆಯು ಜಾಂಗೋವಿನ ಕ್ರಮವಿಧಿಯಲ್ಲಿ ಮೊದಲೇ ಇದೆಯೆಂಬುದನ್ನು ಹೇಳಲೇಬೇಕು. ತಿದ್ದುವಾಗ ಅದು ಕೆಡದಂತೆ ಈ ಪರೀಕ್ಷೆಯು ಕಾಯುತ್ತದೆ. ಐದನೆಯದಾಗಿ, ದೇವನಾಗರಿಯಲ್ಲಿ ಬರೆದ ಮರಾಠಿಯ ಹೆಸರುಗಳೂ ಸರಿಯಾಗಿ ಬರಬೇಕು. ದೇವನಾಗರಿಯ ಸ್ವರಚಿಹ್ನೆಗಳೂ ಚಿಹ್ನೆಗಳ ವರ್ಗದಲ್ಲಿಯೇ ಇರುವುದರಿಂದ ಅವುಗಳಿಗೂ ಇದೇ ದುರ್ಗತಿ. ಗಡಿಯ ಈ ತಾಲೂಕುಗಳಲ್ಲಿ ಕನ್ನಡವೂ ಮರಾಠಿಯೂ ಮನೆಮಾತಾಗಿವೆ. ಇಲ್ಲಿ ಮಾಡಿದ ಒಂದು ತಿದ್ದುಪಡಿಯು ಎರಡಕ್ಕೂ ಒದಗುತ್ತದೆ. ಆರನೆಯದಾಗಿ, ಇಂಗ್ಲಿಷ್ ಹೆಸರುಗಳ ಫಲವು ಕಿಂಚಿತ್ತೂ ಬದಲಾಗಕೂಡದು.

ಈ ಪರೀಕ್ಷೆಗಳನ್ನು ಹಳೆಯ ಕೋಡಿನ ಮೇಲೆ ಮೊದಲು ನಡೆಸಬೇಕು. ಕೆಲವು ಸೋಲುತ್ತವೆ, ಸೋಲಬೇಕು. ಸೋಲದ ಪರೀಕ್ಷೆಯು ದೋಷವನ್ನು ಹಿಡಿದಿಲ್ಲವೆಂದೇ ಅರ್ಥ. ಅನಂತರ ತಿದ್ದುಪಡಿ: ಪೈಥಾನಿನ ಹ್ರಸ್ವ ಸಂಕೇತವನ್ನು ಬಿಟ್ಟು, ಪ್ರತಿಯೊಂದು ಸಂಕೇತದ ಯೂನಿಕೋಡ್ ವರ್ಗವನ್ನು ಕೇಳಿ, ಅದು ಅಕ್ಷರ, ಚಿಹ್ನೆ, ಸಂಖ್ಯೆ ಇವುಗಳಲ್ಲಿ ಒಂದಾಗಿದ್ದರೆ ಇಟ್ಟುಕೊಳ್ಳುವುದು; ತೆರವು ಮತ್ತು ಅಡ್ಡಗೆರೆಗಳನ್ನು ಮೊದಲಿನಂತೆ ನಡೆಸಿಕೊಳ್ಳುವುದು; ಉಳಿದುದನ್ನು ಬಿಡುವುದು. ಪೈಥಾನಿನಲ್ಲಿ ವರ್ಗವನ್ನು ತಿಳಿಸುವ ಉಪಕರಣವು ಸಿದ್ಧವಾಗಿಯೇ ಇದೆ. ಹೊಸ ಕೋಡು ಹಳೆಯದಕ್ಕಿಂತ ಒಂದೆರಡು ಸಾಲು ಹೆಚ್ಚಾದೀತು.

ಇಲ್ಲಿಗೆ ಕೆಲಸವು ಮುಗಿಯಿತೆಂದು ತೋರಬಹುದು. ಆದರೆ ತಿದ್ದಿದ ವಿಳಾಸವನ್ನು ಭಂಡಾರಕ್ಕೆ ಸೇರಿಸಹೊರಟರೆ, ಜಾಂಗೋವಿನ ಇನ್ನೊಂದು ಭಾಗವು ‘ಇದು ಸಿಂಧುವಾದ ಸ್ಲಗ್ ಅಲ್ಲ’ ಎಂದು ಚಿಕ್ಕೋಡಿಯನ್ನು ತಿರಸ್ಕರಿಸುತ್ತದೆ. ಏಕೆಂದರೆ ಪರಿಶೀಲನೆಯ ಆ ಭಾಗವೂ ಪೈಥಾನಿನ ಹಳೆಯ ವ್ಯಾಖ್ಯೆಯನ್ನೇ ಅವಲಂಬಿಸಿದೆ. ಅದನ್ನು ದಾಟಿದರೆ, ಬಂದ ವಿಳಾಸವನ್ನು ಗುರುತಿಸಿ ಪುಟಕ್ಕೆ ಒಯ್ಯುವ ಮೂರನೆಯ ಭಾಗವಿದೆ. ಸ್ಲಗ್ಗಿಗೆಂದು ಅಲ್ಲಿ ಇಟ್ಟಿರುವ ಸಿದ್ಧಮಾದರಿಯು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆಗಳನ್ನು ಮಾತ್ರ ಬಲ್ಲದು. ಇದಲ್ಲದೆ ಆಡಳಿತದ ಪುಟದಲ್ಲಿ, ಶೀರ್ಷಿಕೆಯನ್ನು ಬರೆಯುತ್ತಿರುವಾಗಲೇ ಸ್ಲಗ್ಗನ್ನು ತುಂಬಿಕೊಡುವ ಸಲುವಾಗಿ, ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ನಡೆಯುವ ನಾಲ್ಕನೆಯದೊಂದು ಕ್ರಮವಿಧಿಯೂ ಬೇರೆಯಾಗಿ ಇದೆ.

ಅಕ್ಷರವೆಂದರೆ ಏನು ಎಂಬ ಒಂದೇ ಪ್ರಶ್ನೆಗೆ ನಾಲ್ಕು ಸ್ಥಳಗಳಲ್ಲಿ ನಾಲ್ಕು ಉತ್ತರಗಳು! ಒಂದನ್ನು ಮಾತ್ರ ತಿದ್ದಿದವನು ದೋಷವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಅಟ್ಟಿದಂತಾಗುತ್ತದೆ. ನಮ್ಮ ಲೇಖನದ ಮುಖ್ಯ ಪ್ರಮೇಯವು ಇದೇ ಆಗಿದೆ: ದೋಷದ ತಿದ್ದುಪಡಿಯು ಕೋಡಿನ ಪರಿಷ್ಕರಣವಿಲ್ಲದೆ ಪೂರ್ಣವಾಗುವುದಿಲ್ಲ.

7. ಪರಿಷ್ಕರಣ

ಕೋಡು ಮಾಡುವ ಕೆಲಸವನ್ನು ಬದಲಿಸದೆ ಅದರ ಒಳ ರಚನೆಯನ್ನು ಉತ್ತಮಗೊಳಿಸುವುದಕ್ಕೆ ಪರಿಷ್ಕರಣವೆಂದು ಹೇಳಬಹುದು. ಮಾರ್ಟಿನ್ ಫೌಲರ್ ಎಂಬವರು 1999ರಲ್ಲಿ ಇದನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನಿಂತ ಕಬ್ಬಿನ ಒಣಗಿದ ರವದಿಯನ್ನು ಸುಲಿದರೆ ಕಬ್ಬು ಬೇರೆಯಾಗುವುದಿಲ್ಲ. ಆದರೆ ಗಾಳಿ ಬೆಳಕುಗಳು ಆಡುತ್ತವೆ, ಹುಳು ಎಲ್ಲಿ ಹತ್ತಿದೆಯೆಂಬುದು ಕಣ್ಣಿಗೆ ಬೀಳುತ್ತದೆ.

ಪರಿಷ್ಕರಣದ ಪ್ರಧಾನ ಸೂತ್ರವೆಂದರೆ, ಒಂದು ತಿಳಿವಳಿಕೆಗೆ ಕೋಡಿನಲ್ಲಿ ಒಂದೇ ನೆಲೆ ಇರಬೇಕು ಎಂಬುದು. ನಮ್ಮ ಅನ್ವಯದಲ್ಲಿ ‘ವಿಳಾಸದಲ್ಲಿ ಇರಬಹುದಾದ ಸಂಕೇತ ಯಾವುದು’ ಎಂಬ ವ್ಯಾಖ್ಯೆಯನ್ನು ಒಂದೇ ಕಡೆ ಬರೆದು, ಸ್ಲಗ್ಗನ್ನು ರಚಿಸುವ ಭಾಗ, ಪರಿಶೀಲಿಸುವ ಭಾಗ, ಗುರುತಿಸುವ ಭಾಗ, ಈ ಮೂರೂ ಅದನ್ನೇ ಕೇಳುವಂತೆ ಮಾಡಬೇಕು. ಬ್ರೌಸರಿನೊಳಗಿನ ನಾಲ್ಕನೆಯದು ಬೇರೆ ಭಾಷೆಯದಾದುದರಿಂದ ಅದನ್ನು ನೇರವಾಗಿ ಹಂಚಿಕೊಳ್ಳಲಾಗದು. ಅಲ್ಲಿ ಸ್ಲಗ್ಗನ್ನು ತುಂಬುವುದನ್ನೇ ನಿಲ್ಲಿಸಿ ಆ ಕೆಲಸವನ್ನು ಸರ್ವರಿಗೆ ಬಿಡಬಹುದು, ಅಥವಾ ಅದೇ ಪರೀಕ್ಷೆಗಳನ್ನು ಅದಕ್ಕೂ ಒಡ್ಡಬಹುದು. ಇವೆಲ್ಲವನ್ನೂ ಫ್ರೇಮ್‌ವರ್ಕಿನ ಮೂಲ ಕೋಡನ್ನು ಮುಟ್ಟದೆ, ನಮ್ಮ ಅನ್ವಯದೊಳಗೆ ನಮ್ಮದೇ ಭಾಗಗಳನ್ನು ಜೋಡಿಸಿ ಮಾಡುವುದಕ್ಕೆ ಜಾಂಗೋ ಅವಕಾಶ ಕೊಡುತ್ತದೆ.

ಇದೇ ರೋಗದ ಇನ್ನೊಂದು ರೂಪವನ್ನು ತಾಲೂಕುಗಳ ಪಟ್ಟಿಯಲ್ಲಿ ನೋಡಬಹುದು. ಮುಂಚೆ ನಿಪ್ಪಾಣಿಯು ಚಿಕ್ಕೋಡಿ ತಾಲೂಕಿನಲ್ಲಿಯೂ ಕಾಗವಾಡವು ಅಥಣಿ ತಾಲೂಕಿನಲ್ಲಿಯೂ ಸೇರಿದ್ದವು; ಈಗ ಅವೆರಡೂ ಪ್ರತ್ಯೇಕ ತಾಲೂಕುಗಳಾಗಿವೆ. ಹಳೆಯ ಅನ್ವಯವೊಂದರಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಎಂಬ ಮೂರು ಹೆಸರುಗಳನ್ನು ಅರ್ಜಿಯ ನಮೂನೆಯಲ್ಲಿ ಒಮ್ಮೆ, ಹುಡುಕುವ ಪುಟದಲ್ಲಿ ಒಮ್ಮೆ, ವರದಿಯಲ್ಲಿ ಒಮ್ಮೆ ಬರೆದಿದ್ದರೆಂದು ಭಾವಿಸೋಣ. ಹೊಸ ತಾಲೂಕುಗಳು ಬಂದಾಗ ನಮೂನೆಯನ್ನು ಮಾತ್ರ ತಿದ್ದಿದರೆ, ನಿಪ್ಪಾಣಿಯವನು ಅರ್ಜಿಯನ್ನು ಸಲ್ಲಿಸಬಲ್ಲನು, ಆದರೆ ವರದಿಯಲ್ಲಿ ಅವನ ಅರ್ಜಿ ಎಣಿಕೆಗೇ ಬರುವುದಿಲ್ಲ. ಪಟ್ಟಿಯನ್ನು ಭಂಡಾರದಲ್ಲಿ ಒಂದೇ ಕೋಷ್ಟಕವಾಗಿ ಇಟ್ಟು ಎಲ್ಲರೂ ಅದನ್ನೇ ಓದುವಂತೆ ಮಾಡಿದ್ದರೆ ಈ ಅನರ್ಥವು ಸಂಭವಿಸುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗುತ್ತದೆ. 2010ರ ಒಂದು ದಾಖಲೆಯಲ್ಲಿ ‘ನಿಪ್ಪಾಣಿ, ತಾಲೂಕು ಚಿಕ್ಕೋಡಿ’ ಎಂದಿದ್ದರೆ ಅದು ದೋಷವಲ್ಲ, ಅಂದಿನ ಸತ್ಯ. ಹಸನುಗೊಳಿಸುವ ಉತ್ಸಾಹದಲ್ಲಿ ಅದನ್ನೂ ತಿದ್ದಿಬಿಟ್ಟರೆ ಇತಿಹಾಸವನ್ನು ಕೆಡಿಸಿದಂತಾಗುತ್ತದೆ. ಆದುದರಿಂದ ಕೋಷ್ಟಕದಲ್ಲಿ ತಾಲೂಕಿನ ಹೆಸರಿನೊಡನೆ ಅದು ಯಾವ ದಿನದಿಂದ ಯಾವ ದಿನದವರೆಗೆ ಅನ್ವಯಿಸುತ್ತದೆಂಬುದನ್ನೂ ನಮೂದಿಸುವುದು ವಿಹಿತ. ಕಸವೆಂದು ಕಾಣುವುದೆಲ್ಲ ಕಸವಲ್ಲ. ತೆಗೆಯುವ ಮುನ್ನ ಅದು ಅಲ್ಲಿ ಏಕಿದೆಯೆಂದು ಕೇಳಬೇಕು.

ಇದರಂತೆ, ದೋಷದ ತಿದ್ದುಪಡಿಯನ್ನೂ ಪರಿಷ್ಕರಣವನ್ನೂ ಒಂದೇ ಏಟಿಗೆ ಮಾಡಕೂಡದು. ಮೊದಲು ಫಲವನ್ನು ಬದಲಿಸದೆ ನಾಲ್ಕು ವ್ಯಾಖ್ಯೆಗಳನ್ನು ಒಂದು ನೆಲೆಗೆ ತರುವುದು. ಪರೀಕ್ಷೆಗಳ ಫಲಿತವು ಮೊದಲಿನಂತೆಯೇ ಇದೆಯೆಂದು ಕಂಡುಕೊಳ್ಳುವುದು. ಅದನ್ನು ಒಂದು ಬದಲಾವಣೆಯಾಗಿ ದಾಖಲಿಸುವುದು. ಆಮೇಲೆ ಆ ಒಂದು ವ್ಯಾಖ್ಯೆಯನ್ನು ತಿದ್ದಿ ಎರಡನೆಯ ಬದಲಾವಣೆಯಾಗಿ ದಾಖಲಿಸುವುದು. ಮುಂದೆ ಏನಾದರೂ ಎಡವಟ್ಟಾದರೆ ಯಾವ ಹೆಜ್ಜೆಯಲ್ಲಿ ಆಯಿತೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.

8. ಹಳೆಯ ವಿಳಾಸಗಳ ಗತಿ

ತಿದ್ದುಪಡಿಯಾದ ಮೇಲೆ ಚಿಕ್ಕೋಡಿಯ ಪುಟದ ವಿಳಾಸವು ಚಿಕ್ಕೋಡಿ ಎಂದೇ ಆಗುತ್ತದೆ. ಆದರೆ ‘ಚಕಕಡ’ ಎಂಬ ಹಳೆಯ ವಿಳಾಸವನ್ನು ಜನರು ಆಗಲೇ ಬರೆದಿಟ್ಟುಕೊಂಡಿರುತ್ತಾರೆ, ಸ್ನೇಹಿತರಿಗೆ ಕಳಿಸಿರುತ್ತಾರೆ. ಅದನ್ನು ತೆರೆದವರಿಗೆ ಪುಟವಿಲ್ಲವೆಂಬ ಉತ್ತರ ಬಂದರೆ, ನಮ್ಮ ತಿದ್ದುಪಡಿಯೇ ಅವರ ಪಾಲಿಗೆ ಹೊಸ ದೋಷವಾಯಿತು. ಆದುದರಿಂದ ಹಳೆಯ ವಿಳಾಸಗಳನ್ನು ಒಂದು ಕೋಷ್ಟಕದಲ್ಲಿ ಉಳಿಸಿಕೊಂಡು, ಅಲ್ಲಿಗೆ ಬಂದವರನ್ನು ಹೊಸ ವಿಳಾಸಕ್ಕೆ ಒಯ್ಯುವ ವ್ಯವಸ್ಥೆ ಮಾಡಬೇಕು.

‘ಸಮ’ ಎಂಬ ವಿಳಾಸಕ್ಕೆ ಮಾತ್ರ ಈ ಉಪಾಯ ಸಲ್ಲದು. ಕಳೆದುಹೋದ ಸ್ವರವನ್ನು ಉಳಿದ ವ್ಯಂಜನಗಳಿಂದ ಮರಳಿ ಪಡೆಯಲು ಯಾವ ಕ್ರಮವಿಧಿಯಿಂದಲೂ ಸಾಧ್ಯವಿಲ್ಲ. ಅದು ಸುಮಾಳ ವಿಳಾಸವೋ ಸೀಮಾಳ ವಿಳಾಸವೋ ಎಂದು ಊಹಿಸುವುದಕ್ಕಿಂತ, ‘ಇವರಲ್ಲಿ ನೀವು ಯಾರನ್ನು ಹುಡುಕುತ್ತಿರುವಿರಿ?’ ಎಂದು ಓದುಗನನ್ನೇ ಕೇಳುವ ಪುಟವನ್ನು ತೋರಿಸುವುದು ಪ್ರಾಮಾಣಿಕವಾದ ಮಾರ್ಗ. ಭಂಡಾರದಲ್ಲಿ ಮೂಲ ಹೆಸರು ಸುರಕ್ಷಿತವಾಗಿ ಇದ್ದರೆ ಮಾತ್ರ ಇಷ್ಟಾದರೂ ಮಾಡಬಹುದು. ಆದುದರಿಂದ ಹೆಸರನ್ನು ಹೆಸರಾಗಿಯೇ ಕಾಯ್ದಿಡಬೇಕು; ಸ್ಲಗ್ಗು ಅದರ ಛಾಯೆಯೆಂದು ಮಾತ್ರ ಭಾವಿಸಬೇಕು; ವ್ಯಕ್ತಿಯನ್ನು ನಿಶ್ಚಯಿಸುವುದಕ್ಕೆ ನೋಂದಣಿಯ ಸಂಖ್ಯೆಯಂತಹ ಅನನ್ಯವಾದ ಗುರುತನ್ನೇ ಬಳಸಬೇಕು. ಅಂಕಗಳಂತಹ ಖಾಸಗಿ ವಿಷಯವನ್ನು ಹೆಸರಿನ ವಿಳಾಸದಲ್ಲಿ ಇಡುವುದೇ ತರವಲ್ಲ ಎಂಬ ಪಾಠವೂ ಇದರಿಂದ ದೊರೆಯುತ್ತದೆ.

9. ಉಪಸಂಹಾರ

ಮೇಲಣ ವಿವೇಚನೆಯಿಂದ ದೋಷಶೋಧನೆಯ ಕ್ರಮವು ತಕ್ಕಮಟ್ಟಿಗೆ ಸ್ಪಷ್ಟವಾಗಿರಬಹುದು. ಲಕ್ಷಣವನ್ನು ನಿಖರವಾಗಿ ಗುರುತಿಸುವುದು, ಅದನ್ನು ಮತ್ತೆ ಮತ್ತೆ ತೋರಿಸಬಲ್ಲ ಅತಿ ಚಿಕ್ಕ ಉದಾಹರಣೆಯನ್ನು ಹುಡುಕುವುದು, ಬೇರಿನವರೆಗೆ ಹೋಗುವುದು, ಸೋಲುವ ಪರೀಕ್ಷೆಯನ್ನು ಬರೆಯುವುದು, ಚದುರಿದ ತಿಳಿವಳಿಕೆಯನ್ನು ಒಂದು ನೆಲೆಗೆ ತರುವುದು, ತಿದ್ದುವುದು, ಹಳೆಯದನ್ನು ನಂಬಿದವರ ಕೈಬಿಡದಿರುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಪ್ರಯೋಗಾಲಯವು ಬೇಕಾಗಿಲ್ಲ. ಚಿಕ್ಕೋಡಿಯ ಅಥವಾ ಅಥಣಿಯ ಯಾವುದೇ ಕಾಲೇಜಿನ ಒಂದು ಗಣಕಯಂತ್ರವು ಸಾಕು. ಅಧ್ಯಾಪಕರು ತಮ್ಮ ತರಗತಿಯ ಹಾಜರಿಪಟ್ಟಿಯ ಹೆಸರುಗಳನ್ನೇ ಈ ಕ್ರಮವಿಧಿಗೆ ಕೊಟ್ಟು, ಎಷ್ಟು ಹೆಸರುಗಳು ಒಂದಾಗುತ್ತವೆಂಬುದನ್ನು ವಿದ್ಯಾರ್ಥಿಗಳಿಂದ ಎಣಿಸಬಹುದು. ಒಂದು ಗಂಟೆಯ ಅಭ್ಯಾಸವಾಗಿ ಇದು ಅತ್ಯಂತ ಉಪಯುಕ್ತವಾದೀತು.

ಕಂಡುಕೊಂಡುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬಾರದು. ಮುಕ್ತ ತಂತ್ರಾಂಶಗಳಲ್ಲಿ ದೋಷಗಳನ್ನು ವರದಿ ಮಾಡುವುದಕ್ಕೆ ಬಹಿರಂಗವಾದ ವ್ಯವಸ್ಥೆಗಳಿವೆ. ಯಾವ ಆವೃತ್ತಿ, ಕೊಟ್ಟ ಪದ ಯಾವುದು, ಬಂದ ಫಲ ಯಾವುದು, ಬರಬೇಕಾಗಿದ್ದುದು ಯಾವುದು, ಏಕೆ, ಈ ಐದನ್ನು ಸೌಜನ್ಯದಿಂದ ಮತ್ತು ಸಂಕ್ಷೇಪವಾಗಿ ಬರೆದರೆ ಸಾಕು. ತಿದ್ದುಪಡಿಯು ಕೂಡಲೇ ಅಂಗೀಕಾರವಾಗದೆ ಇರಬಹುದು. ಲಕ್ಷಾಂತರ ತಾಣಗಳು ನಂಬಿರುವ ಕೋಡನ್ನು ಬದಲಿಸಲು ಅದರ ಪಾಲಕರು ಹಿಂಜರಿಯುವುದು ನ್ಯಾಯವೇ ಆಗಿದೆ. ಆದರೂ ವರದಿಯು ದಾಖಲಾಗಿ ಉಳಿಯುತ್ತದೆ, ಮುಂದೆ ಬರುವವನಿಗೆ ದಾರಿಯನ್ನು ತೋರಿಸುತ್ತದೆ.

ಕ್ಯಾನ್ಸಾಸಿನಲ್ಲಿ ಕುಳಿತವನಿಗೆ ‘ಚಕಕಡ’ವೂ ಚಿಕ್ಕೋಡಿಯೂ ಸಮಾನವಾಗಿ ಅಪರಿಚಿತ. ಅವುಗಳಲ್ಲಿ ಒಂದು ಊರು, ಇನ್ನೊಂದು ಅದರ ಅವಶೇಷ ಎಂದು ಬಲ್ಲವರು ನಾವು. ಬಲ್ಲವರು ಹೇಳದಿದ್ದರೆ ಆ ದೋಷವು ದೋಷವೆಂದೇ ಗಣನೆಗೆ ಬರಲಾರದು. ನಮ್ಮ ವಿದ್ಯಾರ್ಥಿಗಳು ಈ ಕೆಲಸವನ್ನು ತಮ್ಮದೆಂದು ಭಾವಿಸಿ ಕೈಗೊಂಡರೆ ಈ ಲೇಖನದ ಶ್ರಮವು ಸಾರ್ಥಕವಾಗುವುದು.